ಒಂದನೇ ಕ್ಲಾಸಿನ ಗಂಟಲು

ಆ ಶಾಲೆಯಲ್ಲಿ ಗಂಟೆ ಇತ್ತು, ಆದರೆ ಅದನ್ನು ಯಾರೂ ಅಷ್ಟಾಗಿ ನೆಚ್ಚಿಕೊಂಡಿರಲಿಲ್ಲ. ಒಂದನೇ ಕ್ಲಾಸಿನ ಟೀಚರು "ಸಾಕು, ಪಾಟಿ ಒಳಗಿಡಿ" ಅಂದರೆ ಕಾರಿಡಾರಿನ ಆಚೆ ತುದಿಯ ಐದನೇ ಕ್ಲಾಸಿನವರೂ ಪುಸ್ತಕ ಮುಚ್ಚಿ ಚೀಲ ಹೆಗಲಿಗೇರಿಸುತ್ತಿದ್ದರು. ಒಂದು ಸಲ ಅವರು ಯಾವುದೋ ಮಗುವಿಗೆ "ಹೊರಡು, ನಿಮ್ಮಮ್ಮ ಬಂದಿದ್ದಾಳೆ" ಎಂದದ್ದೇ ತಡ, ಅರ್ಧ ಶಾಲೆ ಗೇಟಿನ ಹತ್ತಿರ ಹೋಗಿ ನಿಂತಿತ್ತು. ಅಷ್ಟೂ ಮಕ್ಕಳನ್ನು ಮತ್ತೆ ಒಳಗೆ ತುಂಬುವಷ್ಟರಲ್ಲಿ ಹೆಡ್‌ಮಾಸ್ಟರಿಗೆ ಸಾಕುಸಾಕಾಗಿತ್ತು. ಅವತ್ತಿನಿಂದ ಅವರಿಗೆ ಗಂಟೆ ಟೀಚರ್ ಎಂಬ ಹೆಸರು ಅಂಟಿಕೊಂಡಿತು.

ಗಂಟೆ ಟೀಚರ್ ಅದಕ್ಕೆ ಬೇಜಾರು ಮಾಡಿಕೊಂಡವರಲ್ಲ. ಮೇಲೆ ಮೇಲೆ ಹುಬ್ಬು ಗಂಟಿಕ್ಕಿದರೂ ಒಳಗೊಳಗೇ ಹೆಮ್ಮೆ. ಅವರ ಪಾಠವೆಲ್ಲ ನಿಂತಿದ್ದದ್ದೇ ಆ ಗಂಟಲಿನ ಮೇಲೆ. ಕರಿಹಲಗೆಯ ಪಕ್ಕ ನಿಂತು, ಕೋಲಿನ ತುದಿಯಿಂದ ಅಕ್ಷರ ಮುಟ್ಟಿ ಒಂದು ಸಲ ಕೂಗುವುದು. ಮಕ್ಕಳು ಎಲ್ಲರೂ ಸೇರಿ ತಿರುಗಿ ಕೂಗುವುದು. ಕಿಟಕಿ ಗಾಜು ಅದುರಬೇಕು, ಪಕ್ಕದ ಬೇಕರಿಯವನು ಇಣುಕಿ ನೋಡಬೇಕು, ಆಗ ಪಾಠ ಆಯಿತೆಂದು ಲೆಕ್ಕ. ಹೀಗೆ ಕೂಗಿ ಕಲಿತವರ ಮಕ್ಕಳೂ ಈಗ ಅವರ ಕೈಕೆಳಗೇ ಕೂಗುತ್ತಿದ್ದರು.

ಇಂಥ ಶಾಲೆಗೆ ಸ್ಮಾರ್ಟ್ ಬೋರ್ಡು ಬಂತು. ಮುಟ್ಟಿದರೆ ಬೆಳಗುವ, ಮಾತಾಡುವ, ಅಗಲವಾದ ಗಾಜಿನ ಹಲಗೆ. ಕ್ಲಾಸಿಗೊಂದರಂತೆ ಗೋಡೆಗೆ ಬಿಗಿದು, ಬಿಗಿದವರು ಏಣಿ ಎತ್ತಿಕೊಂಡು ಹೊರಟೇಹೋದರು. ಟೀಚರುಗಳು ಅದನ್ನು ದೊಡ್ಡ ಮನೆತನದ ಹೊಸ ನೆಂಟನ ಹಾಗೆ ನೋಡಿದರು. ಗೌರವವೆಲ್ಲ ಇತ್ತು, ಹತ್ತಿರ ಹೋಗುವವರಿರಲಿಲ್ಲ. ಎರಡನೇ ಕ್ಲಾಸಿನ ಟೀಚರು ಧೂಳು ಕೂರದಿರಲೆಂದು ಮನೆಯಿಂದ ಹೂವಿನ ಬೆಡ್‌ಶೀಟು ತಂದು ಹೊದಿಸಿದರು. ಮೂರನೇ ಕ್ಲಾಸಿನ ಮೇಷ್ಟ್ರು ಅದರ ಮೇಲೆ ಸೀಮೆಸುಣ್ಣದಲ್ಲೇ ಲೆಕ್ಕ ಬರೆಯಹೋಗಿ, ಒದ್ದೆ ಬಟ್ಟೆಯಲ್ಲಿ ಒರೆಸಿ, "ಹಳೇದೇ ವಾಸಿ, ಇದರ ಮೇಲೆ ಸುಣ್ಣ ನಿಲ್ಲಲ್ಲ" ಎಂದು ತೀರ್ಪು ಕೊಟ್ಟರು. ಗಂಟೆ ಟೀಚರ್ ಅದರ ಗೊಡವೆಗೇ ಹೋಗಲಿಲ್ಲ. ಮಕ್ಕಳು ಮರೆತು ಬಿಟ್ಟುಹೋದ ಟೋಪಿಗಳನ್ನು ಅದರ ಮೂಲೆಗೆ ನೇತುಹಾಕಿದರು.

ಇದನ್ನೆಲ್ಲ ಬಳಸುವುದು ಹೇಗೆಂದು ತೋರಿಸಿಕೊಡಲು ಶಿಕ್ಷಣ ಕಚೇರಿಯಿಂದ ಒಬ್ಬಳು ಬರುತ್ತಾಳೆ ಎಂದು ಹೆಡ್‌ಮಾಸ್ಟರು ಹೇಳಿದರು. ಬಂದವಳು ಬೇರೆ ಯಾರೂ ಅಲ್ಲ, ಗಂಟೆ ಟೀಚರ್ ಅವರ ಸ್ವಂತ ಸೊಸೆ.

ಸೊಸೆಯ ಕೆಲಸ ಅದೇ. ವೈರುಗಳು ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡು ಬೆಳಿಗ್ಗೆ ಬಸ್ಸು ಹತ್ತಿದರೆ, ಇವತ್ತು ಈ ಶಾಲೆ, ನಾಳೆ ಆ ಶಾಲೆ. ಬೋರ್ಡಿಗೆ ಹೆದರುವ ಟೀಚರುಗಳ ಹೆದರಿಕೆ ಬಿಡಿಸುವುದು. ಗಂಟೆ ಟೀಚರ್ ಅದನ್ನು ನೆರೆಹೊರೆಯವರಿಗೆ "ನಮ್ಮ ಸೊಸೆಗೆ ವೈರು ಸಿಕ್ಕಿಸೋ ಕೆಲಸ" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು. ಮಗ ಕಟ್ಟಿಕೊಂಡ ಹುಡುಗಿ ಒಳ್ಳೆಯವಳೇ, ಆದರೆ ಮಾತು ಜಾಸ್ತಿ ಎಂಬುದು ಅವರ ದೂರು. ಶಾಲೆಯಲ್ಲೇ ಎಲ್ಲರಿಗಿಂತ ದೊಡ್ಡ ಗಂಟಲಿನವರು ಇನ್ನೊಬ್ಬರ ಮಾತು ಜಾಸ್ತಿಯಾಯಿತೆಂದು ದೂರುವುದನ್ನು ಕೇಳಿ ಅವರ ಯಜಮಾನರು, ಬಸ್ ಡ್ರೈವರಾಗಿ ನಿವೃತ್ತರಾದವರು, ಪೇಪರಿನ ಹಿಂದೆ ಮುಖ ಮರೆಮಾಡಿಕೊಂಡು ನಗುತ್ತಿದ್ದರು.

ತರಬೇತಿಯ ದಿನ ಗಂಟೆ ಟೀಚರ್ ಕೊನೆಯ ಬೆಂಚಿನಲ್ಲಿ ಕೂತರು. ಸೊಸೆ ಬೋರ್ಡಿನ ಪಕ್ಕ ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅದು ಅವಳ ಪದ್ಧತಿ. ಯಾರಿಗೆ ಎಷ್ಟೇ ತೊಡಕಾಗಲಿ, ಎಷ್ಟೇ ಹೊತ್ತಾಗಲಿ, ಅವಳ ಬೆರಳು ಬೋರ್ಡು ಮುಟ್ಟುವುದಿಲ್ಲ. "ನಾನು ಮುಟ್ಟಿದ್ರೆ ನಂಗೆ ಬರುತ್ತೆ. ನನಗೆ ಆಗಲೇ ಬರುತ್ತಲ್ಲ!" ಎನ್ನುವಳು. ಮೂರನೇ ಕ್ಲಾಸಿನ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಬೋರ್ಡು ಆರಿಸಿದರೂ, ಅವಳು ಕೈ ಬಿಚ್ಚದೆ, "ಪರವಾಗಿಲ್ಲ ಸಾರ್, ಆರಿಸೋದು ಕಲಿತ್ರಿ. ಅರ್ಧ ವಿದ್ಯೆ ಬಂತು" ಎಂದಳು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು.

ಗಂಟೆ ಟೀಚರ್ ಸರದಿ ಬಂತು. ಅವರು ಎದ್ದು ಬಂದು ಬೋರ್ಡಿನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನೀವೇ ಒತ್ತಿ, ಅತ್ತೆ."

"ಒತ್ತಿದ್ರೆ ಏನಾಗುತ್ತೆ?"

"ಅಕ್ಷರ ಬರುತ್ತೆ, ಚಿತ್ರ ಬರುತ್ತೆ, ಅಕ್ಷರ ಓದಿ ಹೇಳುತ್ತೆ."

"ಓದಿ ಹೇಳೋಕೆ ನಾನಿದ್ದೀನಲ್ಲ," ಎಂದರು ಗಂಟೆ ಟೀಚರ್. ಅಂದ ಧಾಟಿಗೆ ಕಾರಿಡಾರಿನಲ್ಲಿ ಹೋಗುತ್ತಿದ್ದ ಜವಾನ ನಿಂತ. ಆದರೆ ಆ ಮಾತು ಮುಗಿಯುವಷ್ಟರಲ್ಲಿ ಗಂಟಲು ಒಡೆದು, ಕೊನೆಯಲ್ಲಿ ಬರೀ ಗಾಳಿ ಬಂತು. ಅವರು ಕೆಮ್ಮಿ ಸರಿಮಾಡಿಕೊಂಡರು. ಸೊಸೆಯ ಮುಖದ ನಗು ಮಾಯವಾದದ್ದನ್ನು ಅವರು ನೋಡಲಿಲ್ಲ.

ಗಂಟಲು ಹಾಗೆ ಒಡೆಯುವುದು ಹೊಸದೇನಲ್ಲ. ಬೆಳಿಗ್ಗೆ ಬಿಸಿನೀರು ಕುಡಿದರೆ ಸರಿಹೋಗುತ್ತೆ, ಸಂಜೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸರಿಹೋಗುತ್ತೆ ಎಂದು ಅವರು ತಳ್ಳಿಹಾಕುತ್ತಲೇ ಬಂದಿದ್ದರು. ಸಂಜೆ ಸುಮ್ಮನಿರುವುದಂತೂ ಅವರಿಂದ ಆಗಿರಲಿಲ್ಲ. ಕಡೆಗೆ ಸೊಸೆಯೇ ಹಟಹಿಡಿದು ಗಂಟಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ತೆಳ್ಳಗಿನ ನಳಿಕೆ ಇಳಿಸಿ ನೋಡಿ ಹೇಳಿದ್ದಿಷ್ಟು. ದನಿ ಹೊರಡುವ ಜಾಗದಲ್ಲಿ ಗಂಟುಗಳು ಬೆಳೆದಿವೆ. ಕೆಟ್ಟ ಗಂಟಲ್ಲ, ಕೂಗಿ ಕೂಗಿ ಬಂದದ್ದು. ರಜೆಯಲ್ಲಿ ಆಪರೇಷನ್ ಮಾಡಬೇಕು. ಆಮೇಲೆ ಶಾಲೆಯ ಮುಂದಿನ ಅವಧಿ ಮುಗಿಯುವವರೆಗೆ ಬಾಯಿಗೆ ಬೀಗ. ಪಿಸುಮಾತೂ ಕೂಡದು, ಅದರಿಂದ ಇನ್ನೂ ಕೆಡುತ್ತೆ. ಹಳೆಯ ಗಂಟಲು ಮಾತ್ರ ವಾಪಸ್ ಬರಲ್ಲ.

"ಮತ್ತೆ ಪಾಠ?" ಎಂದು ಕೇಳಿದರು ಗಂಟೆ ಟೀಚರ್.

"ಬೇರೆ ಕೆಲಸ ಏನಾದ್ರೂ ಇದ್ದೇ ಇರುತ್ತಲ್ಲಮ್ಮ ಶಾಲೇಲಿ," ಎಂದರು ಡಾಕ್ಟರು.

ಇತ್ತು. ಹೆಡ್‌ಮಾಸ್ಟರು ಒಳ್ಳೆಯವರು, ಸುತ್ತಿಬಳಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ವಿಷಯಕ್ಕೆ ಬಂದರು. ನೆಲಮಹಡಿಯಲ್ಲಿ ಪುಸ್ತಕದ ಕೋಣೆ ಇದೆ. ಅಲ್ಲಿ ಕೂತು ಪುಸ್ತಕ ಜೋಡಿಸಬಹುದು, ನೆಮ್ಮದಿ. ಒಂದನೇ ಕ್ಲಾಸಿಗೆ ಬೇರೆಯವರನ್ನು ಹಾಕೋಣ. "ಮಾತಾಡದೆ ಒಂದನೇ ಕ್ಲಾಸು ಹೇಗೆ ನಡೆಸ್ತೀರಿ ಟೀಚರ್? ನೀವೇ ಹೇಳಿ." ಕಿಟಕಿಯೇ ಇಲ್ಲದ ಆ ಕೋಣೆ ಗಂಟೆ ಟೀಚರ್ ಕಣ್ಣ ಮುಂದೆ ಬಂತು. ಪುಸ್ತಕಗಳ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಆದರೆ ಮೂಗು ಸೋರಿಸಿಕೊಂಡು, ಷೂ ಉಲ್ಟಾ ಹಾಕಿಕೊಂಡು ಬರುವ ಆ ಪುಟ್ಟ ಸೈನ್ಯವಿಲ್ಲದೆ ಅವರಿಗೆ ಬೆಳಗಾಗುವುದೇ ಕಷ್ಟ. ಇನ್ನು ಕೆಲವೇ ವರ್ಷದ ಸರ್ವೀಸು. ಆ ವರ್ಷಗಳು ಕ್ಲಾಸಿನಲ್ಲೇ ಕಳೆಯಬೇಕು, ಅಷ್ಟೇ ಅವರ ಆಸೆ. ಅಷ್ಟೂ ಈಗ ಕೈತಪ್ಪುವ ಹಾಗಿತ್ತು.

ಮನೆಗೆ ಬಂದು ಅವರು ಮೂಲೆ ಸೇರಿದರು. ಸೊಸೆ ಟೀ ತಂದಿಟ್ಟಳು, ಎದುರಿಗೆ ಕೂತಳು.

"ಅತ್ತೆ, ನಿಮಗೆ ಬಾಯಿ ತೆರೆಯೋ ಹಾಗಿಲ್ಲ ತಾನೇ? ಬೋರ್ಡಿಗೆ ಆ ತೊಂದ್ರೆ ಇಲ್ಲ."

"ಅದರಲ್ಲಿ ಯಾವಳೋ ಸಕ್ಕರೆ ಸುರಿದ ಹಾಗೆ ಮಾತಾಡ್ತಾಳೆ. ನನ್ನ ಮಕ್ಕಳು ಅವಳ ಮಾತು ಕೇಳಲ್ಲ ಕಣೇ, ಬಾಯಿ ಬಿಟ್ಕೊಂಡು ಟೀವಿ ನೋಡ್ದಂಗೆ ನೋಡ್ತವೆ ಅಷ್ಟೇ."

"ಅವಳು ಬೇಡ. ನೀವೇ ಮಾತಾಡಿ. ಆಪರೇಷನ್ನಿಗೆ ಮುಂಚೆ ನಿಮ್ಮ ದನೀನ ನಾವು ಎತ್ತಿಟ್ಕೊಳ್ಳೋಣ. ಪ್ರತಿ ಅಕ್ಷರಕ್ಕೆ ಒಂದು ಚಿತ್ರ, ಚಿತ್ರ ಮುಟ್ಟಿದ್ರೆ ನಿಮ್ಮ ಮಾತು ಬರಬೇಕು. ಕೂತ್ಕೊಳ್ಳಿ ಅನ್ನೋಕೆ ಒಂದು, ಪಾಟಿ ತೆಗೀರಿ ಅನ್ನೋಕೆ ಒಂದು."

ಗಂಟೆ ಟೀಚರ್ ಸೊಸೆಯ ಮುಖವನ್ನೇ ನೋಡಿದರು. ವೈರು ಸಿಕ್ಕಿಸುವವಳ ತಲೆಯಲ್ಲಿ ಇದೆಲ್ಲ ಇತ್ತೆಂದು ಅವರಿಗೆ ಗೊತ್ತಿರಲಿಲ್ಲ. ಹೆಡ್‌ಮಾಸ್ಟರ ಹತ್ತಿರ ಹೋಗಿ ಮಾತಾಡಿದವಳೂ ಸೊಸೆಯೇ. ಇನ್ಸ್‌ಪೆಕ್ಟರ್ ಮೇಡಂ ಮುಂದಿನ ಅವಧಿಯಲ್ಲಿ ಶಾಲೆ ನೋಡಲು ಬರುತ್ತಾರೆ, ಅಲ್ಲಿಯವರೆಗೆ ಅತ್ತೆ ಕ್ಲಾಸು ನಡೆಸಿ ನೋಡಲಿ, ಮೇಡಂ ಬೇಡವೆಂದರೆ ಪುಸ್ತಕದ ಕೋಣೆ ಇದ್ದೇ ಇದೆ, ಎಂದು ಹೆಡ್‌ಮಾಸ್ಟರನ್ನು ಒಪ್ಪಿಸಿಕೊಂಡು ಬಂದಳು.

ರೆಕಾರ್ಡಿಂಗು ಮನೆಯ ಹಿಂದಿನ ಕೋಣೆಯಲ್ಲಿ ನಡೆಯಿತು. ಸೊಸೆ ತನ್ನ ಫೋನನ್ನು ಡಬ್ಬಿಯೊಂದಕ್ಕೆ ಒರಗಿಸಿ, ಗುಂಡಿ ತೋರಿಸಿ, ಎಂದಿನಂತೆ ಕೈ ಹಿಂದೆ ಕಟ್ಟಿಕೊಂಡಳು. ಬರೀ ಗೋಡೆ ನೋಡಿಕೊಂಡು ಮಾತಾಡುವುದು ಹೇಗೆಂದು ಗಂಟೆ ಟೀಚರ್ ತಕರಾರು ತೆಗೆದದ್ದರಿಂದ ಯಜಮಾನರನ್ನು ಎದುರಿಗೆ ಕೂರಿಸಲಾಯಿತು. ಅವರು ವಿಧೇಯ ವಿದ್ಯಾರ್ಥಿಯಂತೆ ಕೈಕಟ್ಟಿ ಕೂತರು, ಆದರೆ ಒಂದು ಅಕ್ಷರವನ್ನೂ ಮೊದಲ ಸಲಕ್ಕೆ ಸರಿಯಾಗಿ ಹೇಳಲಿಲ್ಲ. ಬೇಕೆಂದೇ.

ಅಲ್ಲೇ ಗಂಟೆ ಟೀಚರ್ ಎಡವಿದ್ದು. ದನಿ ಶಾಶ್ವತವಾಗಿ ಉಳಿಯುತ್ತದೆ ಎಂದು ಗೊತ್ತಾದದ್ದೇ ಅವರಿಗೆ ಘನತೆ ಬಂದುಬಿಟ್ಟಿತು. ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ವಂದನಾರ್ಪಣೆ ಮಾಡುವವರಂತೆ ಶುರುಮಾಡಿದರು. "ಪ್ರೀತಿಯ ವಿದ್ಯಾರ್ಥಿಗಳೇ, ಈ ದಿನ ನಾವು ಒಂದು ಹೊಸ ಅಕ್ಷರವನ್ನು ಅಭ್ಯಾಸ ಮಾಡೋಣವೇ?" ಸೊಸೆ ಹೇಳಿ ನೋಡಿದಳು. "ಅತ್ತೆ, ಕ್ಲಾಸಲ್ಲಿ ನೀವು ಹೀಗೆ ಮಾತಾಡಲ್ಲ." ಗಂಟೆ ಟೀಚರ್ ಕಿವಿಗೆ ಹಾಕಿಕೊಳ್ಳಲಿಲ್ಲ. "ನಾಲ್ಕು ಜನ ಕೇಳೋದು. ನೀಟಾಗಿರಬೇಕು." ಎಲ್ಲವನ್ನೂ ಹಾಗೆಯೇ ಮುಗಿಸಿದರು.  ಕೆಲಸದ ವಿಷಯದಲ್ಲಿ ಕಲಿಯುವವರ ಇಷ್ಟಕ್ಕೆ ಬಿಡುವುದೂ ಸೊಸೆಯ ಪದ್ಧತಿಯೇ.

ಆಪರೇಷನ್ ಆಯಿತು. ಮನೆ ತಣ್ಣಗಾಯಿತು. "ಮದುವೆಯಾದ ಮೇಲೆ ಇದೇ ಮೊದಲ ಸಲ ನಂಗೆ ಪೇಪರು ಪೂರ್ತಿ ಓದೋಕೆ ಸಿಕ್ಕಿದ್ದು" ಎಂದು ಯಜಮಾನರು ಮೊದಮೊದಲು ತಮಾಷೆ ಮಾಡಿದರು. ಆಮೇಲೆ ಅವರೇ ಯಾರೂ ಕೇಳದ ರೇಡಿಯೋವನ್ನು ಜೋರಾಗಿ ಹಾಕಿಡತೊಡಗಿದರು. ಗಂಟೆ ಟೀಚರ್ ಕುತ್ತಿಗೆಗೆ ದಾರ ಕಟ್ಟಿದ ಪಾಟಿ ಬಂತು. ಹೇಳಬೇಕಾದ್ದನ್ನು ಅದರ ಮೇಲೆ ಬರೆದು ತೋರಿಸುವುದು.

ಶಾಲೆ ಶುರುವಾಯಿತು. ಗಂಟೆ ಟೀಚರ್ ಬೋರ್ಡು ಹೊತ್ತಿಸಿದರು. ಬೆರಳು ತಪ್ಪಲಿಲ್ಲ, ರಜೆಯಲ್ಲಿ ಸೊಸೆಯ ಮುಂದೆ ಅಷ್ಟು ಸಲ ಒತ್ತಿದ್ದರು. ಮೊದಲ ಚಿತ್ರ ಮುಟ್ಟಿದರು. "ಪ್ರೀತಿಯ ವಿದ್ಯಾರ್ಥಿಗಳೇ" ಎಂದಿತು ಬೋರ್ಡು.

ಮಕ್ಕಳು ಹಿಂದೆ ಮುಂದೆ ನೋಡಿದವು. ಮುಂದಿನ ಬೆಂಚಿನವನೊಬ್ಬ ಎದ್ದು ನಿಂತು ಕೇಳಿದ, "ಟೀಚರ್, ಈ ಅಜ್ಜಿ ಯಾರು?"

ಆ ಒಂದು ಪ್ರಶ್ನೆಗೆ ಕ್ಲಾಸು ಕೈಮೀರಿಹೋಯಿತು. ಅಜ್ಜಿ ಎಲ್ಲಿದ್ದಾಳೆಂದು ಬೋರ್ಡಿನ ಹಿಂದೆ ಹುಡುಕುವವರು, ಅಜ್ಜಿಯ ಹಾಗೆ ಮೂಗಿನಲ್ಲಿ ಮಾತಾಡುವವರು, ಸುಮ್ಮನೆ ನಗುವವರು. ಗಂಟೆ ಟೀಚರ್ ಕೋಲಿನಿಂದ ಮೇಜು ಕುಟ್ಟಿದರು, ಚಪ್ಪಾಳೆ ತಟ್ಟಿದರು. ಗಲಾಟೆ ಎಷ್ಟಾಯಿತೆಂದರೆ ಹೆಡ್‌ಮಾಸ್ಟರು ಬಾಗಿಲಿಗೆ ಬಂದು ನಿಲ್ಲಬೇಕಾಯಿತು. ಅವರು ಪಾಪ ಎಂಬಂತೆ ನೋಡಿದರು, ಅದೇ ಹೆಚ್ಚು ಚುಚ್ಚಿತು. ಸಂಜೆ ಮನೆಗೆ ಬಂದವರು ಪಾಟಿಯ ಮೇಲೆ "ಪುಸ್ತಕದ ಕೋಣೆಗೆ ಹೋಗ್ತೀನಿ" ಎಂದು ಬರೆದು ಸೊಸೆಗೆ ತೋರಿಸಿ, ಗೋಡೆಗೆ ಮುಖಮಾಡಿ ಮಲಗಿದರು. ಮತ್ತೆ ರೆಕಾರ್ಡು ಮಾಡೋಣವೆಂದರೆ ದನಿ ಎಲ್ಲಿಂದ ತರುವುದು?

ಭಾನುವಾರ ಬೆಳಿಗ್ಗೆ ಸೊಸೆ ಕಂಪ್ಯೂಟರು ತಂದು ಅತ್ತೆಯ ಮುಂದಿಟ್ಟಳು.

"ಕೇಳಿ," ಎಂದಳು.

ಕಂಪ್ಯೂಟರಿನಿಂದ ಕಿಟಕಿ ಅದುರುವಂಥ ದನಿ ಬಂತು. "ಅಯ್ಯೋ, ಬಾಯಿ ದೊಡ್ಡದಾಗಿ ತೆಗೀರಿ! ಇಷ್ಟೇ ಇಷ್ಟು ತೆಗೆದ್ರೆ ಅಕ್ಷರ ಎಲ್ಲಿಂದ ಆಚೆ ಬರಬೇಕು? ಇನ್ನೊಂದ್ಸಲ! ಹಾಂ! ಈಗ ಬಂತು ನೋಡಿ ದಾರಿಗೆ!"

ಗಂಟೆ ಟೀಚರ್ ಬೆಚ್ಚಿ ಕೂತರು. ಅದು ಯಜಮಾನರನ್ನು ಗದರಿದ್ದು. ಒಂದೊಂದು ಸಲವೂ ಫೋನು ನಿಲ್ಲಿಸಿ ಶುರುಮಾಡುವ ಗೋಜೇಕೆಂದು ಸೊಸೆ ಅದನ್ನು ಹಾಗೇ ಓಡಲು ಬಿಟ್ಟಿದ್ದಳು. ವಂದನಾರ್ಪಣೆಗಳ ನಡುನಡುವೆ, ತಪ್ಪು ಹೇಳಿದ ಗಂಡನನ್ನು ತಿದ್ದುವಾಗ, ಬೈಯುವಾಗ, ಸರಿ ಹೇಳಿದಾಗ ಬೆನ್ನು ತಟ್ಟುವಾಗ, ಗಂಟೆ ಟೀಚರ್ ತಮ್ಮ ನಿಜವಾದ ಗಂಟಲಲ್ಲೇ ಮಾತಾಡಿದ್ದರು. ಒಂದೂ ಬಿಡದೆ ಎಲ್ಲ ಅಕ್ಷರಗಳನ್ನೂ ಯಜಮಾನರು ತಪ್ಪು ಹೇಳಿದ್ದರಿಂದ, ಎಲ್ಲ ಅಕ್ಷರಗಳೂ ಅಲ್ಲಿದ್ದವು. ಸೊಸೆ ಅಕ್ಕಿ ಆರಿಸುವ ಹಾಗೆ ಕೂತು ಅವನ್ನೆಲ್ಲ ಆರಿಸಿ, ಕತ್ತರಿಸಿ, ಚಿತ್ರಗಳಿಗೆ ಕಟ್ಟಿದ್ದಳು.

"ನನ್ನ ದಡ್ಡತನಾನೂ ಉಪಯೋಗಕ್ಕೆ ಬಂತಲ್ಲ," ಎಂದರು ಯಜಮಾನರು. ಅಂದು, ಯಾಕೋ ಕಣ್ಣೊರೆಸಿಕೊಂಡರು. ಆ ದನಿ ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು. ಗಂಟೆ ಟೀಚರ್ ಪಾಟಿ ಕೈಗೆತ್ತಿಕೊಂಡು ಏನೋ ಬರೆದರು, ಅಳಿಸಿದರು, ಮತ್ತೆ ಬರೆದರು, ಅಳಿಸಿದರು. ಕೆಲವು ಮಾತು ಸೀಮೆಸುಣ್ಣಕ್ಕೆ ದಕ್ಕುವುದಿಲ್ಲ. ಕಡೆಗೆ "ನಾಳೆ ಕ್ಲಾಸಿಗೆ ಹೋಗ್ತೀನಿ" ಎಂದಷ್ಟೇ ಬರೆದು ತೋರಿಸಿದರು.

ಸೋಮವಾರ ಬೋರ್ಡು "ಏನ್ರೀ ಅದು ಗಲಾಟೆ? ಕೂತ್ಕೊಳ್ಳಿ!" ಎಂದು ಗರ್ಜಿಸಿದಾಗ ಇಡೀ ಕ್ಲಾಸು ತಟಕ್ಕನೆ ಕೂತಿತು. ಪಕ್ಕದ ಎರಡನೇ ಕ್ಲಾಸೂ ಕೂತಿತೆಂದು ಆಮೇಲೆ ತಿಳಿಯಿತು. "ಟೀಚರ್ ಬಂದ್ರು!" ಎಂದ ಮುಂದಿನ ಬೆಂಚಿನವನು, ಟೀಚರ್ ಅಷ್ಟು ಹೊತ್ತಿನಿಂದ ಅವನೆದುರಿಗೇ ನಿಂತಿದ್ದರೂ.

ಅಲ್ಲಿಂದ ಕ್ಲಾಸು ಹಳಿಗೆ ಬಿತ್ತು. ಚಿತ್ರ ಮುಟ್ಟಿದರೆ ಅಕ್ಷರ, ಅಕ್ಷರದ ಜೊತೆಗೆ ಗದರಿಕೆ. ಕೈಯಲ್ಲಿ ಹಿಡಿಯುವ ಪುಟ್ಟ ರಿಮೋಟೊಂದನ್ನು ಸೊಸೆ ಕೊಟ್ಟಿದ್ದಳು. ಅದನ್ನೊತ್ತಿದರೆ ಕ್ಲಾಸಿನ ಯಾವ ಮೂಲೆಯಿಂದ ಬೇಕಾದರೂ ಮುಂದಿನ ಅಕ್ಷರಕ್ಕೆ ಹೋಗಬಹುದು. ಹಾಗಾಗಿ ಗಂಟೆ ಟೀಚರ್ ಬೋರ್ಡಿನ ಪಕ್ಕ ಬಿಟ್ಟು ಬೆಂಚುಗಳ ನಡುವೆ ನಡೆದಾಡತೊಡಗಿದರು. ದನಿ ಮುಂದೆ ನಿಂತು ಕೂಗುತ್ತಿತ್ತು, ಕಾಲು ಹಿಂದೆ ಓಡಾಡುತ್ತಿತ್ತು. ಇಷ್ಟು ವರ್ಷದ ಸರ್ವೀಸಿನಲ್ಲಿ ಅವರಿಗೆ ಇದು ಸಾಧ್ಯವಾಗಿರಲಿಲ್ಲ.

ಹಾಗೆ ಓಡಾಡುವಾಗಲೇ ಅವರಿಗೆ ಕೊನೆಯ ಬೆಂಚಿನ ಹುಡುಗಿ ಕಂಡದ್ದು. ಎರಡು ಜಡೆಯ, ಗುಬ್ಬಿಯಷ್ಟು ಸಣ್ಣ ಮಗು. ಎಲ್ಲರೂ ಕೂಗುವಾಗ ಅವಳೂ ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಪಕ್ಕಕ್ಕೆ ಹೋಗಿ ಕಿವಿಗೊಟ್ಟರೆ, ದನಿಯೇ ಇಲ್ಲ. ಅವಳಿಗೆ ಅಕ್ಷರ ಗೊತ್ತಿರಲಿಲ್ಲ. ಪಕ್ಕದವರ ತುಟಿ ನೋಡಿಕೊಂಡು ತುಟಿ ಆಡಿಸುತ್ತಿದ್ದಳು ಅಷ್ಟೇ. ಆ ಗದ್ದಲದಲ್ಲಿ ಯಾರಿಗೆ ಗೊತ್ತಾಗಬೇಕು? ತಾವೂ ಕೂಗುತ್ತ ಮುಂದೆ ನಿಂತಿದ್ದರೆ ಈ ವರ್ಷವೆಲ್ಲ ಗೊತ್ತಾಗುತ್ತಿರಲಿಲ್ಲ ಎಂದು ಗಂಟೆ ಟೀಚರಿಗೆ ಹೊಳೆಯಿತು.

ದಿನಾ ಸ್ವಲ್ಪ ಹೊತ್ತು, ಉಳಿದ ಮಕ್ಕಳನ್ನು ಬೋರ್ಡಿಗೆ ಒಪ್ಪಿಸಿ, ಅವರು ಆ ಹುಡುಗಿಯ ಪಕ್ಕ ನೆಲದ ಮೇಲೆ ಕೂತರು. ಪಾಟಿಯ ಮೇಲೆ ಮರದ ಚಿತ್ರ ಬರೆದರು, ಕೆಳಗೆ ಅಕ್ಷರ ಬರೆದರು. ಅವಳ ಬೆರಳನ್ನು ಅಕ್ಷರದ ಮೇಲೆ ಓಡಿಸಿದರು. ದನಿಯಿಲ್ಲದೆ ತುಟಿ ಕೂಡಿಸಿ ಬಿಡಿಸಿ ತೋರಿಸಿದರು. ಹುಡುಗಿಗೆ ತುಟಿ ನೋಡುವ ಅಭ್ಯಾಸ ಮೊದಲೇ ಇತ್ತಲ್ಲ, ಬೇಗ ಹಿಡಿದಳು. ಒಂದು ದಿನ ಟೀಚರ ಕಿವಿಗಷ್ಟೇ ಕೇಳುವಂತೆ "ಮ" ಎಂದಳು. ಗಂಟೆ ಟೀಚರ್ ಆ ಪುಟ್ಟ ಕೈಯನ್ನು ಹಿಡಿದು ಕುಲುಕಿದ ಕುಲುಕಿಗೆ ಅವಳ ಜಡೆಗಳು ಅಲ್ಲಾಡಿದವು.

ಇನ್ಸ್‌ಪೆಕ್ಟರ್ ಮೇಡಂ ಬಂದರು. ಬಿಗಿಮುಖದ ಹೆಂಗಸು, ಮಾತು ಕಡಿಮೆ. ಪುಸ್ತಕದ ಕೋಣೆಯ ವಿಷಯವನ್ನೆಲ್ಲ ಅವರಿಗೆ ಮೊದಲೇ ಹೇಳಿದ್ದ ಹೆಡ್‌ಮಾಸ್ಟರು ಪಕ್ಕದಲ್ಲಿ, ಸೊಸೆ ಬಾಗಿಲ ಹತ್ತಿರ. ಕಚೇರಿಯ ಕಡೆಯಿಂದ ಅವಳೂ ಬಂದಿದ್ದಳು. ಕೈ ಬೆನ್ನ ಹಿಂದೆಯೇ ಇತ್ತು, ಆದರೆ ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು. ಬೋರ್ಡು ಗದರಿತು, ಮಕ್ಕಳು ಕೂಗಿದವು, ಗಂಟೆ ಟೀಚರ್ ಬೆಂಚುಗಳ ನಡುವೆ ನಡೆದರು. ಮೇಡಂ ಸ್ವಲ್ಪ ಹೊತ್ತು ನೋಡಿ, ಬೋರ್ಡು ನಿಲ್ಲಿಸಲು ಹೇಳಿದರು.

"ಎಲ್ಲ ಇದೇ ಹೇಳುತ್ತೆ ಅಂದ್ರೆ, ಟೀಚರಿಗೆ ಏನು ಕೆಲಸ?"

ಗಂಟೆ ಟೀಚರ್ ಪಾಟಿಗೆ ಕೈಹಾಕಿದರು. ಬರೆಯುವಷ್ಟು ಪುರುಸೊತ್ತು ಮೇಡಮ್ಮಿಗೆ ಇರಲಿಲ್ಲ. ಇನ್ಸ್‌ಪೆಕ್ಟರುಗಳ ಕಣ್ಣು ಯಾವಾಗಲೂ ಕೊನೆಯ ಬೆಂಚಿಗೇ ಹೋಗುತ್ತದೆ. ಅವರು ನೇರ ಎರಡು ಜಡೆಯವಳ ಮುಂದೆ ಹೋಗಿ ನಿಂತು, ತಾವು ತಂದಿದ್ದ ಪುಸ್ತಕ ಬಿಚ್ಚಿ, ಒಂದು ಪದದ ಮೇಲೆ ಬೆರಳಿಟ್ಟರು.

"ಓದು."

 ಕ್ಲಾಸಿನಲ್ಲಿ ಅಷ್ಟು ಮಕ್ಕಳಿದ್ದರು, ಕೇಳಿದರೆ ಕೋಗಿಲೆಗಳಂತೆ ಓದುವವರು. ಹುಡುಗಿ ತಲೆಯೆತ್ತಿ ಟೀಚರ ತುಟಿ ಹುಡುಕಿದಳು. ಮೇಡಂ ನಡುವೆ ಅಡ್ಡ ನಿಂತಿದ್ದರಿಂದ ತುಟಿ ಕಾಣಲಿಲ್ಲ. ಬಗ್ಗಿ ನೋಡಿದಳು, ಆಗಲೂ ಕಾಣಲಿಲ್ಲ. ಕಡೆಗೆ ಪುಸ್ತಕಕ್ಕೆ ಕಣ್ಣಿಳಿಸಿದಳು. ಅಕ್ಷರದ ಮೇಲೆ ತನ್ನ ಬೆರಳನ್ನು ಓಡಿಸಿದಳು. ತುಟಿ ಕೂಡಿಸಿದಳು, ಬಿಡಿಸಿದಳು.

"ಮ... ಳೆ. ಮಳೆ."

"ಜೋರಾಗಿ ಹೇಳು."

"ಜೋರಾಗೇ ಹೇಳಿದ್ದು," ಎಂದಳು ಹುಡುಗಿ.

ಮೇಡಂ ಮುಖದ ಬಿಗಿ ಸಡಿಲಿತು. ಇನ್ನೊಂದು ಪದ ತೋರಿಸಿದರು, ಅದನ್ನೂ ಓದಿದಳು. ಮೂರನೆಯದರಲ್ಲಿ ತಡವರಿಸಿದಾಗ ಗಂಟೆ ಟೀಚರ್ ತಡೆಯಲಾರದೆ ಮುಂದೆ ಬಂದು ನೆಲದ ಮೇಲೆ ಕೂತೇಬಿಟ್ಟರು. ಬೆರಳು ಹಿಡಿದರು, ತುಟಿ ಆಡಿಸಿದರು. ಹುಡುಗಿ ಅದನ್ನೂ ಹೇಳಿದಳು. ಮೇಡಂ ತಮ್ಮ ಕಾಲ ಬಳಿ ಕೂತಿದ್ದ ಆ ಹಿರಿಯ ಟೀಚರನ್ನು, ಅವರ ಕುತ್ತಿಗೆಯಲ್ಲಿ ತೂಗುತ್ತಿದ್ದ ಪಾಟಿಯನ್ನು ನೋಡಿದರು. ಆಮೇಲೆ ಪುಸ್ತಕ ಮುಚ್ಚಿ ಹೆಡ್‌ಮಾಸ್ಟರ ಕಡೆ ತಿರುಗಿದರು.

"ಪುಸ್ತಕದ ಕೋಣೆಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎಂದರು.

ಬಾಗಿಲ ಬಳಿ ನಿಂತಿದ್ದ ಸೊಸೆ ಕೈ ಬಿಚ್ಚಿ ಮುಖ ಮುಚ್ಚಿಕೊಂಡಳು. ಮೂರನೇ ಕ್ಲಾಸಿನ ಮೇಷ್ಟ್ರು ಅಂದಿನ ಊಟದ ಬಿಡುವಿನಲ್ಲಿ ಅವಳ ಹತ್ತಿರ ಬಂದು, ತಮ್ಮ ಗಂಟಲೂ ಈಚೆಗೆ ಅಷ್ಟು ಸರಿಯಿಲ್ಲ, ತಮ್ಮ ದನಿಯನ್ನೂ ಎತ್ತಿಟ್ಟುಕೊಳ್ಳಬಹುದೇ ಎಂದು ಮೆಲ್ಲಗೆ ಕೇಳಿದರು. ಎರಡನೇ ಕ್ಲಾಸಿನವರ ಬೆಡ್‌ಶೀಟು ಅವರ ಮನೆಗೆ ವಾಪಸ್ ಹೋಯಿತು.

ಅವಧಿ ಮುಗಿಯುವ ಹೊತ್ತಿಗೆ ಡಾಕ್ಟರು ಮತ್ತೆ ನಳಿಕೆ ಇಳಿಸಿ ನೋಡಿದರು. ಗಾಯ ಮಾಗಿದೆ, ಇನ್ನು ಸ್ವಲ್ಪ ಮಾತಾಡಬಹುದು. ಆದರೆ ಮೆಲ್ಲಗೆ, ದಿನಕ್ಕೆ ನಾಲ್ಕೇ ಮಾತು. "ಆ ನಾಲ್ಕು ಎಲ್ಲಿ ಆಡ್ತೀರೋ ನಿಮಗೆ ಬಿಟ್ಟಿದ್ದು," ಎಂದರು. ಗಂಟೆ ಟೀಚರ್ ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಆ ನಾಲ್ಕು ಮಾತೂ ತಮ್ಮ ಕ್ಲಾಸಿಗೇ ಮೀಸಲು. ಕೊನೆಯ ಬೆಂಚಿನವಳ ಕಿವಿಯಲ್ಲಿ ಒಂದು ಅಕ್ಷರವನ್ನಾದರೂ ತಮ್ಮ ಬಾಯಿಂದ ಹೇಳಬೇಕು. ಅದೇ ಯೋಚನೆಯಲ್ಲಿ ಮರುದಿನ ಅವರಿಗೆ ಬೇಗ ಎಚ್ಚರವಾಯಿತು.

ಹೊರಡುವ ಹೊತ್ತು. ಸೊಸೆ ಹೊಸಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಅವತ್ತು ಅವಳಿಗೆ ದೂರದ ಶಾಲೆ, ಯಾರೋ ಬೋರ್ಡನ್ನು ಬೀರುವಿನ ಹಿಂದೆ ತಳ್ಳಿಟ್ಟಿದ್ದರಂತೆ. ಗಂಟೆ ಟೀಚರ್ ಅವಳ ಬೆನ್ನು ನೋಡಿದರು. ಒಂದು ಕಡೆ ವಾಲಿದ ಹೆಗಲು, ವೈರಿನ ಚೀಲ, ಅವಸರದಲ್ಲಿ ಹೆಣೆದ ಜಡೆ. ಇಷ್ಟು ದಿನ ಪಾಟಿಯ ಮೇಲೆ ಬರೆದು ಬರೆದು ಅಳಿಸಿದ್ದು ಗಂಟಲಿಗೆ ಬಂದು ನಿಂತಿತು.

"ಮಗಳೇ," ಎಂದರು.

ಸೊಸೆ ಯಾರು ಕರೆದರೆಂದು ಬೀದಿಯ ಕಡೆ ನೋಡಿದಳು. ಆ ದನಿ ಅಷ್ಟು ಸಣ್ಣದಾಗಿತ್ತು, ಅಷ್ಟು ಬೇರೆಯಾಗಿತ್ತು. ಆಮೇಲೆ ಗೊತ್ತಾಗಿ ಗಕ್ಕನೆ ತಿರುಗಿದಳು.

"ನನ್ನ ಕ್ಲಾಸು ನಂಗೆ ಉಳಿಸಿಕೊಟ್ಟೆ. ನೀನು ಈ ಮನೆಗೆ ಬಂದಿದ್ದು ನನ್ನ ಪುಣ್ಯ ಕಣೇ."

ಸೊಸೆ ಕಣ್ಣು ತುಂಬಿಕೊಂಡು ನಿಂತಳು. ಆಮೇಲೆ ಮೂಗೆಳೆದುಕೊಂಡು, ಹಳೆಯ ತುಂಟ ನಗು ತಂದುಕೊಂಡು, "ಏನತ್ತೆ? ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ," ಎಂದಳು.

ಕೇಳಿಸಿತ್ತು ಎಂಬುದು ಗಂಟೆ ಟೀಚರಿಗೆ ಚೆನ್ನಾಗಿ ಗೊತ್ತಿತ್ತು. ದಿನದ ಪಾಲಿನಲ್ಲಿ ಉಳಿದಿದ್ದದ್ದೆಷ್ಟು ಎಂಬುದೂ ಗೊತ್ತಿತ್ತು. ಅವರು ಇನ್ನೊಂದು ಸಲ ಹೇಳಿದರು, ಮೊದಲ ಸಲಕ್ಕಿಂತ ನಿಧಾನವಾಗಿ. ಅವತ್ತು ಅವರು ಕ್ಲಾಸಿಗೆ ಹೋದಾಗ ಆಡುವುದಕ್ಕೆ ಒಂದು ಮಾತೂ ಉಳಿದಿರಲಿಲ್ಲ.